ರೇವಣಸಿದ್ದಪ್ಪನವರ ಬಿಳಿ ತುಂಡು

ಸೀರೆಗೆ ಒಪ್ಪುವ ರವಿಕೆ ಬಟ್ಟೆ ಬೇಕೆಂದರೆ ಜನ ಅಗ್ರಹಾರದ ರೇವಣಸಿದ್ದಪ್ಪನವರ ಅಂಗಡಿಗೇ ಹೋಗುವುದು. ಮೂವತ್ತೆರಡು ವರ್ಷದಿಂದ ಅವರ ಪದ್ಧತಿ ಒಂದೇ. ಸೆರಗನ್ನು ಬಾಗಿಲಾಚೆ ಬಿಸಿಲಿಗೆ ಹಿಡಿಯುವುದು, ಪಕ್ಕದಲ್ಲೊಂದು ಬಿಳಿ ಬಟ್ಟೆಯ ತುಂಡಿಡುವುದು, "ಮೂರನೇ ಸಾಲು, ಮಾವಿನೆಲೆ ಹಸಿರು" ಎಂದುಬಿಡುವುದು. ಆಮೇಲೆ ಬ್ರಹ್ಮನೇ ಬಂದರೂ ಮಾತು ಬದಲಾಗದು. ಅಂಗಡಿಗೆ ಬೋರ್ಡು ಇಲ್ಲ; ಅವರ ಕಣ್ಣೇ ಬೋರ್ಡು. ಎರಡು ವರ್ಷದಿಂದ ಮಾತ್ರ ಬಿಳಿ ತುಂಡು ಹಳದಿಗೆ ತಿರುಗಿದೆಯೆಂದು ಅವರಿಗೆ ಸಿಟ್ಟು. ವಾರಕ್ಕೊಮ್ಮೆ, ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಹೆಂಡತಿ ಇಂದ್ರಮ್ಮನಿಗೆ, "ಒಗೆಯುವಾಗ ನೀಲಿ ಸಾಲದು ಕಣೇ, ಇನ್ನಷ್ಟು ಹಾಕು" ಎನ್ನುವರು.

ಬಟ್ಟೆಯ ಬಣ್ಣ ಸಾಲದೆಂದು ನಕ್ಷತ್ರದ ಬಣ್ಣಕ್ಕೆ ಕೈಹಾಕಿದ್ದು ಅರವತ್ತು ತುಂಬಿದ ಮೇಲೆ. ಕುವೆಂಪುನಗರದ ಮನೆಯ ತಾರಸಿಗೆ ಟೆಲಿಸ್ಕೋಪ್ ಬಂತು, ಅದಕ್ಕೆ ಸಿಕ್ಕಿಸಲು ಬಣ್ಣದ ಕ್ಯಾಮೆರಾ ಬಂತು. ಚಿತ್ರ ಮಾತ್ರ ಪಾಚಿ ಕಟ್ಟಿದ ಕೊಳದಷ್ಟು ಹಸಿರು.

"ಕ್ಯಾಮೆರಾದೊಳಗೆ ಬೆಳಕು ಹಿಡಿಯೋ ಪ್ರತಿ ನಾಲ್ಕು ಚುಕ್ಕೀಲಿ ಎರಡು ಹಸಿರಿಗೇ ಮೀಸಲು ಸರ್," ಎಂದ ಆಕಾಶ ನೋಡುವ ಬಳಗದ ಸುದರ್ಶನ, ಕಾಲೇಜು ಮೇಷ್ಟ್ರು. "ಸೂರ್ಯನ ಜಾತಿಯ ನಕ್ಷತ್ರ ಒಂದನ್ನ ಹಿಡೀರಿ. ಅದು ಬೆಳ್ಳಗೆ ಬರೋ ಹಾಗೆ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ, ಅದೇ ಲೆಕ್ಕ ಇಡೀ ಚಿತ್ರಕ್ಕೆ ಕೊಡಿ."

"ಬಣ್ಣಕ್ಕೆ ಲೆಕ್ಕ ಬೇಕೇನಪ್ಪ ನನಗೆ?" ಎಂದ ರೇವಣಸಿದ್ದಪ್ಪನವರು ಕಣ್ಣಳತೆಯಲ್ಲೇ ತಿದ್ದಿ, ಬಳಗದವರ ಮುಂದೆ ಚಿತ್ರ ಬಿಚ್ಚಿದರು.

"ನೀಲಿ ಒಂಚೂರು ಜಾಸ್ತಿ ಆಯ್ತೇನೋ ಸರ್," ಎಂದ ಸುದರ್ಶನ, ನಗು ನುಂಗಿಕೊಂಡು. ಉಳಿದವರಿಗೆ ನುಂಗಲಾಗಲಿಲ್ಲ.

ಪಾಪ, ಅಂದಿನಿಂದ ಅವರಿಗೆ ಅನ್ನ ಸೇರಲಿಲ್ಲ. ಕೈಕೊಟ್ಟದ್ದು ಕ್ಯಾಮೆರಾವೋ ಕಣ್ಣೋ? ಕಣ್ಣಾದರೆ ಅಂಗಡಿಯ ಕತೆ ಮುಗಿಯಿತು. ಭಯವಾಯಿತು, ಆದರೆ ಯಾರಿಗೂ ಹೇಳಲಿಲ್ಲ. ಕೊನೆಗೆ ಮೇಷ್ಟ್ರು ಹೇಳಿದ ಹಾಗೆಯೇ ಲೆಕ್ಕ ಹಾಕಿದರು. ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತು ಹೆಂಡತಿಯನ್ನು ಕರೆದರು.

"ಇಂದ್ರಾ, ಈ ನಕ್ಷತ್ರ ಯಾವ ಬಣ್ಣ ಹೇಳು."

"ಮಲ್ಲಿಗೆ ಹಂಗೆ ಬೆಳ್ಳಗಿದೆಯಲ್ರೀ."

"ನನಗೆ ಅರಿಶಿನದ ನೀರು ಕಂಡ ಹಂಗಿದೆ."

ಇಂದ್ರಮ್ಮ ಒಳಗೆ ಹೋಗಿ, ಒಗೆಯಲು ತಂದಿದ್ದ ಅಂಗಡಿಯ ತುಂಡನ್ನು ಹಿಡಿದು ಬಂದಳು. "ಇದು?"

"ಬಿಳಿ. ಈಗ ಸರಿಯಾಗಿದೆ."

"ಊರಿಗೆಲ್ಲ ಇದು ತಿಳಿನೀಲಿ ಕಣ್ರೀ. ನೀವು ಸಾಲದು ಸಾಲದು ಅಂದ್ರಿ, ನಾನು ನೀಲಿಗೆ ಅದ್ದುತ್ತಾ ಹೋದೆ. ಕಣ್ಣಿಗೆ ಪೊರೆ ಬಂದಿದೆ, ಡಾಕ್ಟರ್‌ಗೆ ತೋರ್ಸೋಣ ಅಂದಾಗೆಲ್ಲ ಅಂಗಡಿ ಟ್ಯೂಬ್‌ಲೈಟ್ ಬದಲಾಯಿಸಿದ್ರಿ."

ರೇವಣಸಿದ್ದಪ್ಪನವರು ತುಂಡನ್ನು ಕೈಗೆ ತೆಗೆದುಕೊಂಡರು. "ಹಾಗಾದ್ರೆ ಎರಡು ವರ್ಷ ಬಂದೋರಿಗೆಲ್ಲ ತಪ್ಪು ಬಟ್ಟೆ ಕೊಟ್ನಾ? ಒಬ್ರೂ ವಾಪಸ್ ತರಲಿಲ್ಲವಲ್ಲೇ."

"ಹೆಂಗೆ ತರ್ತಾರೆ? ಪೊಟ್ಟಣ ಕಟ್ಟೋಳು ನಾನಲ್ವಾ? ನೀವು ತೆಗೆದಿಟ್ಟಿದ್ದನ್ನ ಒಳಗಿಟ್ಟು, ಒಪ್ಪೋದನ್ನ ಕಟ್ಟಿ ಕೊಡ್ತಿದ್ದೆ. ಬಂದೋರಿಗೂ ಗೊತ್ತು. ಹೇಳ್ಬೇಡಿ ಅಂತ ಕಣ್ಸನ್ನೆ ಮಾಡ್ತಿದ್ದೆ."

ಅವರು ತುಂಡನ್ನು ಮಡಿಚಿ ಅವಳ ಕೈಗೇ ಕೊಟ್ಟರು. ಮರುದಿನ ತಾವಾಗಿಯೇ ಕಣ್ಣಿನ ಡಾಕ್ಟರ ಬಳಿ ಹೊರಟರು.

ಎರಡೂ ಕಣ್ಣಿನ ಆಪರೇಷನ್ ಮುಗಿದು, ತಿಂಗಳು ಕಳೆದು ಅಂಗಡಿಗೆ ಬಂದ ದಿನ ಮೊದಲು ಆ ತುಂಡನ್ನು ಬಿಸಿಲಿಗೆ ಹಿಡಿದರು. ನಿಜಕ್ಕೂ ನೀಲಿ. ನಾಚಿಕೆಯೂ ಆಯಿತು, ನಗುವೂ ಬಂತು. ಅಷ್ಟರಲ್ಲಿ ಒಬ್ಬಾಕೆ ಮಗಳ ಮದುವೆ ಸೀರೆ ತಂದಳು. ಅವರು ಸೆರಗು ಬಿಡಿಸಿ ಒಳಗೆ ತಿರುಗಿದರು.

"ಇಂದ್ರಾ, ಇದಕ್ಕೆ ಯಾವುದು ಒಪ್ಪುತ್ತೆ?"

"ನನ್ನನ್ಯಾಕೆ ಕೇಳ್ತೀರಿ? ಈಗ ಕಣ್ಣು ಸರಿಯಾಗಿ ಕಾಣಲ್ವಾ?"

"ಕಾಣುತ್ತೆ," ಎಂದರು ರೇವಣಸಿದ್ದಪ್ಪನವರು. "ಅದಕ್ಕೇ ಕೇಳ್ತಿದ್ದೀನಿ."