ಎರಡನೆಯ ಜಾಯ್‌ಸ್ಟಿಕ್ಕಿನ ಹಕ್ಕಿ

ಬೆಳಗಿನ ಮೊದಲ ಬಿಸಿಲು ಕಿಟಕಿಯಿಂದ ಓರೆಯಾಗಿ ಮೇಜಿನ ಮೇಲೆ ಬೀಳುವ ಹೊತ್ತಿಗೆ ಸವೆತದಕ್ಕ ಕೆಲಸಕ್ಕೆ ಕೂತಾಗಿರುತ್ತದೆ. ಎದುರಿಗೆ ಈಗಷ್ಟೇ ಪೆಟ್ಟಿಗೆಯಿಂದ ತೆಗೆದ, ಥಳಥಳ ಹೊಳೆಯುವ ವಿಡಿಯೊ ಗೇಮಿನ ಜಾಯ್‌ಸ್ಟಿಕ್. ಹೆಬ್ಬೆರಳಿಗೆ ಉಪ್ಪುಕಾಗದ ಸುತ್ತಿಕೊಂಡು ಅವರು ಕೆಂಪು ಬಟನ್ನನ್ನು ಉಜ್ಜತೊಡಗುತ್ತಾರೆ. ಆಗಾಗ ಬೆಳಕಿಗೆ ಹಿಡಿದು ಓರೆಗಣ್ಣಲ್ಲಿ ನೋಡುತ್ತಾರೆ. ‘ನಡುಮಧ್ಯಾಹ್ನದ ಬೆಳಕಲ್ಲಿ ಗೀರು ಕಾಣಲ್ಲ. ಅದಕ್ಕೇ ಕೋಳಿ ಏಳೋ ಹೊತ್ತಿಗೆ ಬರೋದು’ ಎನ್ನುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಹೊಸ ಜಾಯ್‌ಸ್ಟಿಕ್ ಯಾರದೋ ಮನೆಯಲ್ಲಿ ಹತ್ತು ವರ್ಷ ಆಡಿಸಿಕೊಂಡು ಬಂದಂತೆ ಕಾಣುತ್ತದೆ.

ಹೊಸದನ್ನು ಹಳೆಯದು ಮಾಡುವುದು ಅವರ ಉದ್ಯೋಗ, ಅದಕ್ಕೇ ಕಂಪನಿಯಲ್ಲಿ ಎಲ್ಲರಿಗೂ ಅವರು ಸವೆತದಕ್ಕ. ಒಂದು ಕಾಲದಲ್ಲಿ ಮಕ್ಕಳು ಟಿವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಆಡುತ್ತಿದ್ದ ಆಟವನ್ನೇ ಈ ಕಂಪನಿ ಮತ್ತೆ ಮಾರುಕಟ್ಟೆಗೆ ಬಿಡುತ್ತಿದೆ. ಕೊಳ್ಳುವವರು ಈಗಿನ ಮಕ್ಕಳಲ್ಲ, ಕಿವಿಯ ಪಕ್ಕ ಕೂದಲು ಬೆಳ್ಳಗಾದ ಅಂದಿನ ಮಕ್ಕಳು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರ ಇದು. ಜಾಹೀರಾತು ವಿಭಾಗದ ಮುಖ್ಯಸ್ಥೆ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ: ‘ಹೊಸ ಆಟ ಮಾರಬೇಕಾದ್ರೆ ಆಟ ಚೆನ್ನಾಗಿರಬೇಕು. ಹಳೇ ಆಟ ಮಾರೋಕೆ, ನಮ್ಮ ಬಾಲ್ಯ ಚೆನ್ನಾಗಿತ್ತು ಅಂತ ಕೊಳ್ಳೋರಿಗೆ ಅನ್ನಿಸಿದ್ರೆ ಸಾಕು.’

ಸವೆತದಕ್ಕ ಮೊದಲು ಮರಗೆಲಸದ ಅಂಗಡಿಯೊಂದರಲ್ಲಿ ಹಳೆಯ ಕುರ್ಚಿ, ಮಂಚಗಳಿಗೆ ಪಾಲಿಶ್ ಹಾಕುತ್ತಿದ್ದವರು. ಅಂಗಡಿ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ‘ಅಲ್ಲಿ ಹಳೇದನ್ನ ಹೊಸದು ಮಾಡ್ತಿದ್ದೆ, ಇಲ್ಲಿ ಉಲ್ಟಾ. ಕೈಗೇನು ಗೊತ್ತಾಗುತ್ತೆ, ಉಜ್ಜು ಅಂದ್ರೆ ಉಜ್ಜುತ್ತೆ.’ ಅವರ ಅತ್ತೆಗೆ ಮಾತ್ರ ಇಂದಿಗೂ ಈ ಕೆಲಸ ಅರ್ಥವಾಗಿಲ್ಲ. ‘ಹಾಳು ಮಾಡೋಕೂ ಸಂಬಳ ಕೊಡ್ತಾರೇನೇ? ಹಾಗಾದ್ರೆ ನಿನ್ನ ಗಂಡನ್ನೂ ಸೇರಿಸು, ಮನೇಲಿ ಪುಕ್ಕಟೆ ಮಾಡ್ತಾ ಇದಾನೆ’ ಎಂದು ಬಂದವರ ಮುಂದೆಲ್ಲ ಹೇಳುತ್ತಾರಂತೆ.

ತಮಾಷೆ ಅಷ್ಟಕ್ಕೇ ಮುಗಿಯುತ್ತದೆ. ದಿನಕ್ಕೆ ಮೂವತ್ತು ಜೊತೆ ಮುಗಿಸಬೇಕು. ಪ್ಲಾಸ್ಟಿಕ್ ಧೂಳಿಗೆ ಸಂಜೆಯಾದರೆ ಗಂಟಲು ಕಟ್ಟುತ್ತದೆ. ಬೆರಳ ತುದಿಯ ಗೆರೆಗಳು ಅಳಿಸಿಹೋಗಿ, ಬಾಗಿಲಲ್ಲಿರುವ ಹಾಜರಿ ಯಂತ್ರ ಅವರನ್ನು ಗುರುತಿಸುವುದೇ ಇಲ್ಲ. ದಿನಾ ಬೆಳಿಗ್ಗೆ ಕಾವಲುಗಾರ ಬಂದು, ‘ಇವರು ನಮ್ಮೋರೇ’ ಎಂದು ಒಳಗೆ ಬಿಡಬೇಕು.

ಆಟ ಮಾರುಕಟ್ಟೆಗೆ ಬರುವ ಮೊದಲು ಈ ಮೇಜೇ ಎದ್ದುಹೋಗುವ ಹಂತಕ್ಕೆ ಬಂದಿತ್ತು. ಬೇರೆ ಕಡೆಯಿಂದ, ಯಂತ್ರದಲ್ಲೇ ಗೀರು ಹಾಕಿದ ನಮೂನೆ ಬಂದಿತ್ತು. ಕೈಕೆಲಸದ ನಮೂನೆ ಒಪ್ಪಿಗೆಯಾಗದಿದ್ದರೆ ಸವೆತದಕ್ಕ ಮತ್ತು ಅವರ ಜೊತೆ ಕೂರುವ ನಾಲ್ವರು ಹೆಂಗಸರು ಮನೆಗೆ ಹೋಗಬೇಕು. ಒಂದು ಜೊತೆಯನ್ನು ನಿಮ್ಮ ಮನೆಯಲ್ಲಿ ಹೇಗಿತ್ತೋ ಹಾಗೆ ಮಾಡಿಕೊಡಿ ಎಂದು ಮೇಲ್ವಿಚಾರಕರು ಹೇಳಿದ್ದರು. ಅಕ್ಕ ಚಿಕ್ಕವರಿದ್ದಾಗ ಸೋದರಮಾವ ತಂದುಕೊಟ್ಟ ಸೆಟ್ಟನ್ನು ನೆನಪಿಸಿಕೊಂಡು ಮಾಡಿದರು. ಮೊದಲನೆಯದು ಅಣ್ಣನದು, ಜಿಗಿಯುವ ಬಟನ್ ಮಾತ್ರ ಬಿಳಿಚಿದೆ. ಎರಡನೆಯದು ಅವರದು, ಎಲ್ಲ ಬಟನ್ನುಗಳೂ ಒಂದೇ ಸಮ ಸವೆದಿವೆ.

ಮೇಲ್ವಿಚಾರಕರು ಎರಡನೆಯದನ್ನು ಕೈಯಲ್ಲಿ ತಿರುಗಿಸಿ ನೋಡಿ ಕೆಳಗಿಟ್ಟರು. ಅವರೂ ಒಂದು ಕಾಲಕ್ಕೆ ಈ ಆಟದ ಹುಚ್ಚು ಹಿಡಿಸಿಕೊಂಡವರೇ. ‘ಇದು ತಪ್ಪಾಗಿದೆ ಅಕ್ಕಾ. ಆಡೋರ ಬೆರಳು ಜಿಗಿಯೋ ಬಟನ್ ಬಿಟ್ಟು ಕದಲಲ್ಲ. ಹಿಂಗೆ ಸವೀಬೇಕಾದ್ರೆ ಇದರ ವೈರು ಸೆಟ್ಟಿಗೆ ಚುಚ್ಚಿರಬಾರದು, ಅಷ್ಟೇ’ ಎಂದರು.

ಅಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅಣ್ಣನಿಗೆ ಫೋನು ಮಾಡಿದರು. ‘ನನ್ನ ಜಾಯ್‌ಸ್ಟಿಕ್ಕಿನ ವೈರು ಚುಚ್ಚಿತ್ತೇನೋ?’

ಆ ಕಡೆ ಅಣ್ಣ ನಕ್ಕ. ‘ಅಯ್ಯೋ, ಇನ್ನೂ ಗೊತ್ತಾಗಿಲ್ವೇನೇ ನಿಂಗೆ? ವೈರು ಟಿವಿ ಹಿಂದೆ ಬಿದ್ದಿರ್ತಿತ್ತು. ಸೆಟ್ಟಲ್ಲಿ ವೈರು ಚುಚ್ಚೋ ಎರಡನೇ ತೂತು ಬಂದಾಗಿಂದ್ಲೂ ಕೆಟ್ಟಿತ್ತು ಕಣೆ. ಹೇಳಿದ್ರೆ ನೀನು ಊರು ಒಂದಾಗೋ ಹಾಗೆ ಅಳ್ತಿದ್ದೆ. ಅದಕ್ಕೇ ಹಕ್ಕಿ ನಿಂದು ಅಂದುಬಿಟ್ಟೆ.’

ಆ ಆಟದಲ್ಲಿ ಓಡುವ ಹುಡುಗನ ತಲೆಯ ಮೇಲೆ ಒಂದು ಸಣ್ಣ ಹಕ್ಕಿ ತನ್ನಷ್ಟಕ್ಕೆ ಹಾರುತ್ತಿರುತ್ತದೆ. ಅದು ಬೀಳದಂತೆ ನೋಡಿಕೊಳ್ಳುವುದು ನಿನ್ನ ಕೆಲಸ ಎಂದು ಅಣ್ಣ ಹೇಳಿದ್ದ. ಯಾವ ಬಟನ್ ಒತ್ತಿದರೆ ಹಾರುತ್ತದೋ ಗೊತ್ತಿಲ್ಲದೆ ತಂಗಿ ಎಲ್ಲವನ್ನೂ ಒತ್ತುತ್ತಿದ್ದಳು. ‘ಸಿಟ್ಟು ಬಂತು ನೋಡಿ. ಇಷ್ಟು ವಯಸ್ಸಾದ ಮೇಲೆ ಕಣ್ಣಲ್ಲಿ ನೀರೂ ಬಂತು. ಆಟದಲ್ಲಿ ಅವನ ಹುಡುಗ ದಿನಾ ಗುಂಡಿಗೆ ಬಿದ್ದು ಸಾಯ್ತಿದ್ದ, ನನ್ನ ಹಕ್ಕಿ ಒಂದು ಸಲಾನೂ ಬೀಳಲಿಲ್ಲ ಅಂತ ಶಾಲೆ ತುಂಬ ಹೇಳ್ಕೊಂಡು ತಿರುಗಿದ್ದೆ’ ಎನ್ನುತ್ತಾರೆ ಅಕ್ಕ.

ಒಳಗೆ ನಮೂನೆ ನೋಡಲು ಜಾಹೀರಾತಿನ ಮುಖ್ಯಸ್ಥೆಯೂ ಬಂದಿದ್ದರು, ಅವರ ಮುಂದೆ ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ‘ತಪ್ಪು ನಂದೇ. ಬೇರೆ ಮಾಡಿಕೊಡ್ತೀನಿ. ನಮ್ಮ ಮೇಜು ಮಾತ್ರ ತೆಗೀಬೇಡಿ’ ಎಂದು ಕೇಳಿಕೊಂಡರು. ಮುಖ್ಯಸ್ಥೆ ನಗಲಿಲ್ಲ, ಮರುಗಲೂ ಇಲ್ಲ. ಎರಡು ಜಾಯ್‌ಸ್ಟಿಕ್ಕುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ‘ಬೇರೆ ಬೇಡ, ಹೀಗೇ ಇರಲಿ. ಎಷ್ಟೋ ಮನೇಲಿ ಇಂಥ ಅಣ್ಣ ಒಬ್ಬ ಇದ್ದ. ಅವನಿಗೀಗ ಸಂಬಳ ಬರುತ್ತೆ, ಮನಸ್ಸಲ್ಲಿ ಚುಚ್ಚೋದೂ ಇರುತ್ತೆ. ಅವನೇ ಕೊಳ್ಳೋದು’ ಎಂದರು.

ಅವರ ಲೆಕ್ಕ ತಪ್ಪಲಿಲ್ಲ. ಈಗ ಬಸ್ ನಿಲ್ದಾಣದ ಗೋಡೆಯ ಮೇಲೆ ಆ ಜೊತೆಯ ದೊಡ್ಡ ಚಿತ್ರವಿದೆ, ಕೆಳಗೆ ‘ಎರಡನೆಯದು ಯಾರದ್ದು ಅಂತ ನಿಮಗೆ ಗೊತ್ತು’ ಎಂಬ ಸಾಲಿದೆ. ಅಂಗಡಿಗಳಲ್ಲಿ ಪೆಟ್ಟಿಗೆಗಳು ನಿಲ್ಲುತ್ತಿಲ್ಲ. ಒಬ್ಬಳ ಬಾಲ್ಯ ಹೀಗೆ ಸಾವಿರಾರು ಮನೆ ಸೇರಿದೆ, ಆಕೆಯ ಸಂಬಳ ಇದ್ದಲ್ಲೇ ಇದೆ. ಅದರ ಬಗ್ಗೆ ಕೇಳಿದರೆ ಸವೆತದಕ್ಕ ಪಕ್ಕದ ನಾಲ್ವರ ಕಡೆ ಕಣ್ಣು ಹಾಯಿಸುತ್ತಾರೆ. ‘ಮೇಜು ಉಳೀತಲ್ಲ. ಐದು ಮನೆ ಒಲೆ ಹೊತ್ತುತ್ತೆ’ ಎಂದು ಮತ್ತೆ ಉಜ್ಜತೊಡಗುತ್ತಾರೆ.

ಕಂಪನಿ ಅವರಿಗೂ ಒಂದು ಸೆಟ್ಟು ಕೊಟ್ಟಿದೆ. ಅದು ಇನ್ನೂ ಪೆಟ್ಟಿಗೆಯಲ್ಲೇ ಇದೆ, ಈ ಭಾನುವಾರ ಅಣ್ಣ ಬರುವವನಿದ್ದಾನೆ. ಹೊಸ ಸೆಟ್ಟಿನಲ್ಲಿ ಎರಡು ತೂತೂ ಸರಿಯಾಗಿವೆ, ಇಬ್ಬರೂ ಒಟ್ಟಿಗೆ ಆಡಬಹುದು. ಅಕ್ಕನ ಆಸೆ ಬೇರೆ.

‘ಈ ಸಲ ಓಡೋದು, ಜಿಗಿಯೋದು ಎಲ್ಲ ನಾನು. ಎರಡನೇದರ ವೈರನ್ನ ಟಿವಿ ಹಿಂದೆ ಬಿಟ್ಟು ಅವನ ಕೈಗೆ ಕೊಡ್ತೀನಿ. ಹಕ್ಕಿ ಬೀಳದ ಹಾಗೆ ನೋಡ್ಕೊಳ್ಳಲಿ.’