ಹೆಂಚಿನ ಮೇಲೆ ನನ್ನ ಹೆಸರು

ಕೊರಿಯಾದ ಗ್ಯೊಂಗ್ಜು ನಗರದವರೆಗೆ ಹೋಗಿಯೂ ಅಲ್ಲಿನ ಬೆಟ್ಟದ ಮೇಲೆ ಗುಹಾಲಯದಲ್ಲಿರುವ ಕಲ್ಲಿನ ಬುದ್ಧನನ್ನು ನಾನು ನೋಡಲಿಲ್ಲ. ಬಾಗಿಲು ಮುಚ್ಚಿದೆಯೆಂದು ಸುಳ್ಳು ಹೇಳಿ ನನ್ನನ್ನು ಕೆಳಗೇ ಉಳಿಸಿದರು. ಹೇಳಿದವರು ಹೊರಗಿನವರಲ್ಲ, ನನ್ನ ಮಗಳು ಮತ್ತು ಅಳಿಯ.

ಆ ಪ್ರಯಾಣ ನನ್ನ ಆಸೆಯಿಂದಲೇ ಹುಟ್ಟಿದ್ದು. ಅಮೆರಿಕದ ಸೆಂಟರ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯ ಕೊರಿಯನ್ ಹಿರಿಯರು ಬೆಳಗಿನ ನಡಿಗೆಯಲ್ಲಿ ತಮ್ಮ ನಾಡಿನ ಆ ಪುರಾತನ ರಾಜಧಾನಿಯನ್ನು ವರ್ಣಿಸುತ್ತಿದ್ದರು; ಬೇರೇನು ಬಿಟ್ಟರೂ ಬುದ್ಧನನ್ನು ಬಿಡಬೇಡಿ ಎಂದಿದ್ದರು.

ಮೊದಲ ದಿನ ಸಿಲ್ಲಾ ಅರಸರ ಸಮಾಧಿಗಳು. ಹುಲ್ಲು ಹೊದ್ದ ಆ ದಿಬ್ಬಗಳ ನಡುವೆ ಎಲ್ಲಿಯೂ ಕೂರದೆ ನಡೆದೆ. ಹೊರಬರುವಾಗ ಒಮ್ಮೆ, ಒಮ್ಮೆ ಮಾತ್ರ, ಮಂಡಿ ಹಿಡಿದುಕೊಂಡೆ. ಮಗಳು ಅಳಿಯನ ಕಡೆ ನೋಡಿದ್ದು ನನ್ನ ಗಮನಕ್ಕೆ ಬಂತು.

ಮರುದಿನ ಬುಲ್ಗುಕ್ಸಾ ದೇವಾಲಯ ನೋಡಿ ಮುಗಿಸಿದಾಗ ಅಳಿಯ ಫೋನಿನಿಂದ ತಲೆಯೆತ್ತದೆ ಹೇಳಿದ: "ಮಾವ, ಮೇಲ್ಗಡೆ ಇವತ್ತು ಕ್ಲೋಸ್ ಅಂತೆ. ನೀವು ಇಲ್ಲೇ ಟೀ ಕುಡೀತಾ ಇರಿ, ನಾವು ಸ್ವಲ್ಪ ಶಾಪಿಂಗ್ ಮಾಡ್ಕೊಂಡು ಬರ್ತೀವಿ."

ಹತ್ತೂವರೆಗೆ ಹೋದವರು ಒಂದು ಗಂಟೆಗೆ ಬರಿಗೈಯಲ್ಲಿ ಬಂದರು. ಅಂಗಡಿಗಳು ಚೆನ್ನಾಗಿರಲಿಲ್ಲವಂತೆ. ಅಳಿಯನ ಬೂಟಿಗೆ ಹಸಿ ಮಣ್ಣು ಮೆತ್ತಿತ್ತು. ಎಲ್ಲವನ್ನೂ ಜೇಬಿನ ಪುಸ್ತಕದಲ್ಲಿ ಬರೆದುಕೊಂಡೆ.

ಮನೆಗೆ ಮರಳಿದ ಮೇಲೆ ನೆರೆಯ ಹಿರಿಯರು ಬುದ್ಧನನ್ನು ಕಂಡಿರಾ ಎಂದು ಕೇಳಿದರು. ಮುಚ್ಚಿತ್ತೆಂದೆ. ಅವರು ನಡಿಗೆ ನಿಲ್ಲಿಸಿ ನನ್ನನ್ನೇ ನೋಡಿದರು. ಅದು ವರ್ಷವಿಡೀ ತೆರೆದಿರುತ್ತದೆ, ದಾರಿಯೂ ಬಹುಪಾಲು ಸಮತಟ್ಟು, ತಮ್ಮ ತಾಯಿ ಎಂಬತ್ತು ದಾಟಿದ ಮೇಲೂ ನಡೆದು ಹೋಗಿದ್ದರು ಎಂದಷ್ಟೇ ಹೇಳಿದರು.

ಆ ಶನಿವಾರ ಮಗಳು ಪ್ರವಾಸದ ಫೋಟೋಗಳನ್ನು ಟಿವಿಯಲ್ಲಿ ತೋರಿಸುತ್ತ ಒಂದನ್ನು ಸರಕ್ಕನೆ ಸರಿಸಿದಳು. ಹಿಂದಕ್ಕೆ ಹೋಗು ಎಂದೆ. ಅದೊಂದು ಕಪ್ಪು ಹೆಂಚು. ಗುಡಿಯ ಚಾವಣಿಗೆಂದು ಭಕ್ತರು ಹೆಸರು ಬರೆದು ಒಪ್ಪಿಸುವಂಥದು. ಅದರ ಮೇಲೆ ಬಿಳಿ ಬಣ್ಣದಲ್ಲಿ, ಮಗಳ ದುಂಡು ಕನ್ನಡ ಅಕ್ಷರಗಳಲ್ಲಿ, ನನ್ನ ಹೆಸರು. ಕೆಳಗೆ, "ಅಪ್ಪನಿಗೆ ನೂರು ವರ್ಷ ಆಯಸ್ಸು ಕೊಡು."

ಅವಳ ಫೋನು ತೆಗೆದುಕೊಂಡು ಚಿತ್ರದ ಸ್ಥಳ, ಸಮಯ ನೋಡಿದೆ. ಬೆಟ್ಟದ ಅದೇ ಗುಹಾಲಯ, ಹನ್ನೊಂದೂ ಮುಕ್ಕಾಲು. ನನ್ನ ಪುಸ್ತಕದ ಪ್ರಕಾರ ಆಗ ನಾನು ಎರಡನೆಯ ಟೀ ಕುಡಿಯುತ್ತಿದ್ದೆ.

"ನೋಡು, ಮಾವ ಈಗ ಎಫ್‌ಐಆರ್ ಹಾಕ್ತಾರೆ," ಎಂದ ಅಳಿಯ. ಯಾರೂ ನಗಲಿಲ್ಲ.

"ನಿಮ್ಮ ಮಂಡಿ ನೋಡಿ ಭಯ ಆಯ್ತಪ್ಪ," ಎಂದಳು ಮಗಳು. "ನಿಜ ಹೇಳಿದ್ರೆ ನೀವು ಹಠ ಮಾಡಿ ಬಂದೇ ಬರ್ತಿದ್ರಿ."

ಬರುತ್ತಿದ್ದೆ, ಅದು ನಿಜ. ಅವಳ ಭಯವನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ನೀವಿಬ್ಬರೂ ಇದೊಂದಕ್ಕೆ ಉತ್ತರಿಸಿ: ನನ್ನ ನೂರು ವರ್ಷಕ್ಕಾಗಿ ಆ ಬುದ್ಧನ ಮುಂದೆ ಕೈಮುಗಿದಾಗ, ನಾನು ಏಕೆ ಬಂದಿಲ್ಲವೆಂದು ಅವನಿಗೂ ಸುಳ್ಳು ಹೇಳಿದಿರಾ?