ಕೇಪಿನ ಕೋವಿಗೆ ಕುಂಕುಮ

ನಮ್ಮ ಯಜಮಾನರು ಜಿರಳೆ ಕಂಡರೂ ನನ್ನನ್ನೇ ಕೂಗೋ ಗಂಡಸು. ಅಂಥವರು ಒಂದು ಶನಿವಾರ ಪಸಡೀನಾದ ನಮ್ಮ ಮನೆಗೆ ಕೋವಿ ಹೊತ್ತು ತಂದರು. ಲಾಸ್ ಏಂಜಲೀಸಿನಲ್ಲಿ ಯಾವನೋ ಮುದುಕನ ಗ್ಯಾರೇಜಲ್ಲಿ ಸಿಕ್ಕಿತಂತೆ. ನಳಿಗೆಯ ಬಾಯಿಂದ ಮದ್ದು ಸುರಿದು, ಬಟ್ಟೆ ತುಂಡಲ್ಲಿ ಗುಂಡು ಸುತ್ತಿ, ಗಜ ಅನ್ನೋ ಉದ್ದ ಕಡ್ಡಿಯಿಂದ ಜಡೀಬೇಕು. ಹಿಂದೆ ತೂತಿರೋ ಒಂದು ಪುಟ್ಟ ಮೊಳೆ. ಅದರ ಮೇಲೆ ಕೂರಿಸಿದ, ಪುಟ್ಟ ಪಟಾಕಿಯಂಥ ಕೇಪು ಸಿಡಿದರೆ ಮೊಳೆಯ ತೂತಿಂದ ಬೆಂಕಿ ಒಳಗೆ ಹೋಗುತ್ತೆ. ನಮ್ಮ ಕಡೆ ಕಾಡಂಚಿನವರು ಹಂದಿ ಓಡಿಸೋಕೆ ಇಟ್ಟುಕೊಳ್ಳೋ ಕೇಪಿನ ಕೋವಿ, ಅಷ್ಟೇ.

"ಅಷ್ಟೇ ಅಲ್ಲ ಕಣೇ, ಇದು ತುಪ್ಪಳದ ವ್ಯಾಪಾರದ ಕಾಲದ್ದು," ಅಂದರು. ಆಗ ಬಿಳಿಯರು ಇಂಥದನ್ನ ಹೊತ್ತು ಬೆಟ್ಟಕ್ಕೆ ಹೋಗಿ, ಹೊಳೆಯಲ್ಲಿರೋ ಬೀವರ್ ಅನ್ನೋ ಪ್ರಾಣಿ ಹಿಡಿದು ಚರ್ಮ ಮಾರುತ್ತಿದ್ದರಂತೆ.

"ಚರ್ಮ ಏನಕ್ಕೆ?"

"ಟೋಪಿ ಮಾಡೋಕೆ."

"ಆ ಟೋಪಿ ಇನ್ನೂ ಹಾಕ್ತಾನೇ ಇದಾರೆ ಬಿಡಿ. ನಿಮಗೆ."

ಆಫೀಸಿಂದ ಬಂದು ದಿನಾ ಅದರ ಮರ ಸವರೋರು. ಮರ ಚೆನ್ನಾಗಿತ್ತು, ಇಲ್ಲ ಅನ್ನಲ್ಲ, ಹುಲಿಪಟ್ಟೆ ಹಂಗೆ ಗೆರೆ. ಆದರೆ ಹಾರಿಸಿದ ಮೇಲೆ ನಳಿಗೆಯ ಗಂಧಕದ ಮಸಿ ತೊಳೆಯೋಕೆ ಕುದಿಯೋ ನೀರು ಬೇಕು. ಮೊಟ್ಟೆ ಬರದ ನನ್ನ ಅಡುಗೆಮನೆ ತುಂಬಾ ಕೊಳೆತ ಮೊಟ್ಟೆ ವಾಸನೆ. ಬೇರೆಯವರು ಗುಂಡಿನ ಬಟ್ಟೆಗೆ ಪ್ರಾಣಿ ಕೊಬ್ಬು ಸವರುತ್ತಾರೆ. ಇವರಿಗೆ ಮಡಿ, ನನ್ನ ತುಪ್ಪವೇ ಬೇಕು.

ಸ್ಯಾನ್ ಡಿಯಾಗೊದ ಆಚೆ ಗುಡ್ಡದಲ್ಲಿ ಇಂಥ ಕೋವಿಯವರ ಒಂದು ಗುಂಪು. ಅದಕ್ಕೆ ಸೇರಬೇಕು ಅಂತ ಇವರಿಗೆ ಹುಚ್ಚು. ಅವರ ಯಜಮಾನನ ಎದುರು ಒಂದು ಗುಂಡು ಸರಿಯಾಗಿ ಹಾರಿಸಿದರೆ ಸೇರಿಸಿಕೊಳ್ಳುತ್ತಾರೆ. ಆ ಪರೀಕ್ಷೆ ಬಿದ್ದದ್ದು ಆಯುಧಪೂಜೆಯ ಮಾರನೇ ದಿನ. ಬಿಡ್ತಾರಾ? ಕೋವಿಯನ್ನ ಮಣೆ ಮೇಲೆ ಮಲಗಿಸಿ ಗಂಧ, ಕುಂಕುಮ ಧಾರಾಳವಾಗಿ ಮೆತ್ತಿದರು. ಮೊಳೆಗೂ ಮೆತ್ತಿದರು.

ಗುಡ್ಡದಲ್ಲಿ ಎಲ್ಲರೂ ಆ ಕಾಲದವರ ಹಂಗೆ ಜಿಂಕೆ ಚರ್ಮದ ಅಂಗಿ, ಅಂಚಿಗೆ ಜಾಲರಿ. ಬಂದಿದ್ದು ಮಾತ್ರ ದೊಡ್ಡ ದೊಡ್ಡ ಕಾರಲ್ಲಿ, ಐಸ್ ಪೆಟ್ಟಿಗೆ ಸಮೇತ. ಗುಂಪಿನ ಯಜಮಾನ ಅನ್ನಿಸಿಕೊಂಡೋನು ವಾರವೆಲ್ಲಾ ಹಲ್ಲು ಕೀಳೋ ಡಾಕ್ಟರು. ನಮ್ಮವರು ಮದ್ದು ತುಂಬಿದರು, ಜಡಿದರು, ಗುರಿ ಇಟ್ಟರು. ಕೇಪು ಚಟ್ ಅಂತು. ಗುಂಡು ಹೊರಡಲಿಲ್ಲ. ಇನ್ನೊಂದು ಕೇಪು. ಚಟ್. ಗಂಧ ಒಣಗಿ ತೂತು ಕಟ್ಟಿಕೊಂಡಿತ್ತು.

ಹಲ್ಲಿನ ಡಾಕ್ಟರು ಬಂದು ಬಗ್ಗಿ ನೋಡಿದ. ಮೊಳೆಯ ಸುತ್ತ ಕೆಂಪಗಿದ್ದದ್ದನ್ನ ಉಗುರಲ್ಲಿ ಕೆರೆದು, ಇದೇನು ಅಂದ. ಅವನ ದನಿಯಲ್ಲಿ ಕೋಪ ಇರಲಿಲ್ಲ, ತಿಳ್ಕೊಳ್ಳೋ ಆಸೆ ಅಷ್ಟೇ.

ನಮ್ಮವರು ನನ್ನ ಹಣೆ ಕಡೆ ಒಂದು ಸಲ ನೋಡಿದರು. ಆಮೇಲೆ "ರಸ್ಟ್" ಅಂದರು.

ನನಗೆ ಬರೋ ನಾಲ್ಕು ಇಂಗ್ಲಿಷ್ ಮಾತಲ್ಲಿ ಅದೂ ಒಂದು, ತುಕ್ಕು. ಡಾಕ್ಟರ ಮುಖ ಸೆಟೆದುಕೊಂಡಿತು. ಮದ್ದು ತುಂಬಿದ ಕೋವಿ ತಾನೇ ಇಸಕೊಂಡು, ಗುಂಡು ಹೊರಗೆ ತೆಗೆದು, ಖಾಲಿ ಮಾಡಿ ಕೈಗೆ ಕೊಟ್ಟ. ಇಂಥ ಕೋವಿಗೆ ತುಕ್ಕು ಹಿಡಿಸಿದವನು ನಮಗೆ ಬೇಡ ಅಂದನಂತೆ. ಅಲ್ಲಿದ್ದವರೆಲ್ಲ ಕೆಟ್ಟ ಮಾತು ಕೇಳಿದ ಹಾಗೆ ಪಕ್ಕಕ್ಕೆ ತಿರುಗಿದರು.

ವಾಪಸ್ ಬರುವಾಗ ಕಾರಲ್ಲಿ ಕೇಳಿದೆ, "ಕುಂಕುಮ ಅನ್ನೋಕೆ ಏನ್ರೀ ಆಗಿತ್ತು ನಿಮಗೆ?"

"ಅವರಿಗೆ ಅರ್ಥ ಆಗಲ್ಲ ಕಣೇ."

"ತುಕ್ಕು ಚೆನ್ನಾಗಿ ಅರ್ಥ ಆಯ್ತಲ್ಲ."

ಮನೆಗೆ ಬಂದವರೇ ಕೋವಿಯನ್ನ ಗೋಡೆಗೆ ತಗುಲಿಹಾಕಿದರು. ಮಾರನೇ ವರ್ಷ ಪೂಜೆಗೆ ಕಾರು, ಇಸ್ತ್ರಿಪೆಟ್ಟಿಗೆ, ನನ್ನ ಈಳಿಗೆಮಣೆ ಇಟ್ಟರು. ಕೋವಿ ಗೋಡೆ ಮೇಲೇ ಇತ್ತು. ಒಂದಿಷ್ಟು ತುಕ್ಕು ನಿಜವಾಗಲೂ ಹಿಡಿದಿತ್ತು.